ಹಾಸನ್ದಲ್ಲಿ ಕೂತು ಪ್ಯಾಕೆಟ್ ಆಲೂಗೆಡ್ಡೆ ತಿನ್ನೋದಾ?

ಫ್ರೆಂಚ್ ಫ್ರೈಸ್ ಯಾವ ಹೋಟ್ಲಲ್ಲಿ ಚೆನ್ನಾಗಿರುತ್ತೆ ಅಂತ ನಮ್ಮ ಹೆಣ್ಮಕ್ಕಳು, ಸೊಸೆಯಂದ್ರು ಕೇಳ್ತಾನೇ ಇರ್ತಾರೆ. ನನ್ನದು ಒಂದೇ ಉತ್ತರ: ತಮ್ಮ ಅಡುಗೆಮನೇಲೇ ಗೆಡ್ಡೆ ಹೆಚ್ಚೋ ಹೋಟ್ಲಲ್ಲಿ. ಮಿಕ್ಕಿದ ಕಡೆ ಎಲ್ಲಾ ಒಂದೇ ರುಚಿ ಕಣ್ರೇ. ಫ್ರೀಜರಿಂದ ತೆಗ್ದು ಎಣ್ಣೆಗೆ ಸುರಿಯೋದ್ರಲ್ಲಿ ಯಾವ ಕೈರುಚಿ?

ನಮ್ಮದು ಆಲೂಗೆಡ್ಡೆ ಸೀಮೆ. ಜಲಂಧರದಿಂದ ಬಿತ್ತನೆ ಗೆಡ್ಡೆ ತರಿಸಿ, ಮುಂಗಾರಿಗೆ ಹಾಕಿ, ಅಂಗಮಾರಿ ರೋಗ ಬರದಂಗೆ ಔಷಧಿ ಹೊಡ್ದು ಬೆಳೀತಾರೆ ನಮ್ಮೋರು. ಹೋಟ್ಲೋರಿಗೆ ಮಾತ್ರ ಗುಜರಾತಿನ ಕಡೆ ಫ್ಯಾಕ್ಟರೀಲಿ ಹೆಚ್ಚಿದ್ದೇ ಬೇಕು!

ಕೇಳಿದ್ರೆ, "ಇಲ್ಲಿನ ಗೆಡ್ಡೇಲಿ ನೀರು ಜಾಸ್ತಿ ಅಮ್ಮಾ, ಮೆತ್ತಗಾಗುತ್ತೆ" ಅಂತಾರೆ. ನೀರಿರೋದು ನಿಜ. ಅದಕ್ಕೆ ಉಪಾಯ ಇಲ್ವಾ? ಹೆಚ್ಚಿ ಅರ್ಧ ಗಂಟೆ ತಣ್ಣೀರಲ್ಲಿ ನೆನೆಸಿ, ಬಟ್ಟೇಲಿ ಚೆನ್ನಾಗಿ ಒರೆಸಿ, ಸಣ್ಣ ಉರೀಲಿ ಬೇಯೋವಷ್ಟು ಕರಿದು ತೆಗೀಬೇಕು. ಆರಿದ ಮೇಲೆ ಜೋರು ಉರೀಲಿ ಇನ್ನೊಂದ್ಸಲ ಕರೀಬೇಕು. ಎರಡು ಸಲ ಕರಿಯೋಕೆ ಇವರಿಗೆ ಬೇಜಾರು, ಬೈಗುಳ ಮಾತ್ರ ಗೆಡ್ಡೆಗೆ.

ಗುರುತು ಹಿಡಿಯೋದೇನು ಕಷ್ಟ ಇಲ್ಲ. ಎಲ್ಲಾ ಅಳತೆ ಇಟ್ಟು ಕೊಯ್ದಂಗಿದ್ರೆ ಬಹುಪಾಲು ಪ್ಯಾಕೆಟ್ದು. ದಪ್ಪ, ಸಣ್ಣ, ಉದ್ದ, ಗಿಡ್ಡ ಬೆರೆತಿದ್ರೆ ಕೈಯಲ್ಲಿ ಹೆಚ್ಚಿದ್ದು. ಆರಿದ ಮೇಲೆ ಒಂದು ಬಾಯಿಗೆ ಹಾಕ್ಕೊಳ್ಳಿ. ಉಪ್ಪು ಖಾರದ ಹಿಂದೆ ಆಲೂಗೆಡ್ಡೆ ರುಚಿ ಸಿಗ್ಬೇಕು.

ದುಡ್ಡು ಕೊಡೋರು ನಾವು. "ಇಲ್ಲೇ ಹೆಚ್ಚಿದ್ದಾ, ಪ್ಯಾಕೆಟ್ದಾ?" ಅಂತ ಮೊದ್ಲೇ ಕೇಳಿ, ನಾಚ್ಕೋಬೇಡಿ. ಪ್ಯಾಕೆಟ್ದು ಅಂದ್ರೆ ಬೋಂಡ ಹೇಳಿ. ಹತ್ತು ಜನ ಹಂಗೆ ಮಾಡಿದ್ರೆ, ಸಂತೆಯಿಂದ ಗೆಡ್ಡೆ ಮೂಟೆ ತಾನಾಗೇ ಹೋಟ್ಲಿಗೆ ಬರುತ್ತೆ.