ಓಡೋಕೆ ಮುಂಚೆ ಹೊಡೆಯೋದು ಕಲೀಲಿ

ಹೋದ ವರ್ಷ ಮಾರ್ಚಿನ ಒಂದು ಶನಿವಾರ. ಇಲ್ಲಿ ಫ್ರೀಮಾಂಟಿನ ಪಾರ್ಕೊಂದರಲ್ಲಿ ಪ್ರಾಕ್ಟೀಸ್ ಮುಗಿದ ಮೇಲೆ ಮಗಳ ಸಾಫ್ಟ್‌ಬಾಲ್ ಕೋಚು ನನ್ನನ್ನ ಪಕ್ಕಕ್ಕೆ ಕರೆದರು. ಫೀಸಿನ ಕಂತು ಬಾಕಿ ಇರಬೇಕು ಅಂದುಕೊಂಡು ಹೋದೆ. ಅದಲ್ಲ. "ನಿಮ್ಮ ಹುಡುಗಿ ಚಿಕ್ಕವಳು, ಆದ್ರೆ ಕಾಲು ಚುರುಕು. ಪವರ್ ಇವಳಿಂದ ಬರೋದಿಲ್ಲ. ಎಡಗಡೆಗೆ ತಿರುಗಿಸಿ ಸ್ಲ್ಯಾಪರ್ ಮಾಡಿಬಿಡೋಣ. ಮುಂದಿನ ವಾರದಿಂದ ಬಲಗಡೆ ಬ್ಯಾಟಿಂಗ್ ಬೇಡ." ಟೈಲರು ಪ್ಯಾಂಟಿನ ಉದ್ದ ಎರಡಿಂಚು ಕಮ್ಮಿ ಮಾಡ್ತೀನಿ ಅನ್ನೋ ಹಾಗೆ ಹೇಳಿದರು. ನಾನೂ ತಲೆಯಾಡಿಸಿ ಬಂದೆ. ಕಾರಿನಲ್ಲಿ ಅರ್ಧ ದಾರಿ ಬಂದ ಮೇಲೆ ಸಿಟ್ಟು ಬಂತು. ಮೊದಲು ಅವರ ಮೇಲಲ್ಲ, ತಲೆಯಾಡಿಸಿದ ನನ್ನ ಮೇಲೆ.

ಹತ್ತು ವರ್ಷದ ಮಗುವಿಗೆ "ನಿನ್ನ ಕೈಲಿ ಹೊಡೆಯೋಕಾಗಲ್ಲ, ಓಡು" ಅಂತ ತೀರ್ಪು ಕೊಡೋ ಅಧಿಕಾರ ಯಾರಿಗೂ ಇಲ್ಲ. ಸ್ಲ್ಯಾಪ್ ಬೇಡ ಅಂತ ನಾನು ಹೇಳ್ತಿಲ್ಲ. ಈ ವಯಸ್ಸಿನಲ್ಲಿ, ಈ ಕಾರಣಕ್ಕೆ, ಈ ಥರ ಬೇಡ ಅಂತೀನಿ.

ಆಟ ನೋಡದವರಿಗೆ ಸ್ವಲ್ಪ ವಿವರ. ಸಾಫ್ಟ್‌ಬಾಲ್ ಅಂದ್ರೆ ಬೇಸ್‌ಬಾಲ್‌ನ ತಂಗಿ ಅಂದುಕೊಳ್ಳಿ. ಹೆಸರಿಗಷ್ಟೇ ಸಾಫ್ಟ್, ಚೆಂಡೇನೂ ಮೆತ್ತಗಿರಲ್ಲ, ಮೊಣಕಾಲಿಗೆ ಬಿದ್ದವರನ್ನ ಕೇಳಿ. ಪಿಚರ್ ತೋಳನ್ನ ಒಂದು ಪೂರ್ತಿ ಸುತ್ತು ತಿರುಗಿಸಿ ಸೊಂಟದ ಪಕ್ಕದಿಂದ ಚೆಂಡು ಬಿಡ್ತಾಳೆ. ಹೊಡೆದವಳು 60 ಅಡಿ ದೂರದ ಮೊದಲ ಬೇಸಿಗೆ, ಚೆಂಡು ಅಲ್ಲಿಗೆ ಬರೋದರೊಳಗೆ ಓಡಿ ತಲುಪಬೇಕು. ಪಿಚರ್ ಕಡೆ ಮುಖ ಮಾಡಿ ನಿಂತರೆ ಆ ಬೇಸ್ ಇರೋದು ಬಲಕ್ಕೆ. ಎಡಗೈ ಬ್ಯಾಟರ್ ನಿಲ್ಲೋದೂ ಪ್ಲೇಟಿನ ಅದೇ ಪಕ್ಕ, ಹಾಗಾಗಿ ಅವಳಿಗೆ ದಾರಿ ಒಂದೆರಡು ಹೆಜ್ಜೆ ಕಮ್ಮಿ. ಸ್ಲ್ಯಾಪರ್ ಆ ಲಾಭವನ್ನ ಇನ್ನೂ ಹಿಗ್ಗಿಸ್ತಾಳೆ. ಚೆಂಡು ಪಿಚರ್ ಕೈಬಿಡೋ ಹೊತ್ತಿಗೆ ಹಿಂದಿನ ಕಾಲನ್ನ ಮುಂದಿನ ಕಾಲಿನ ಮೇಲಿಂದ ದಾಟಿಸಿ ಓಟ ಶುರು ಮಾಡ್ತಾಳೆ, ಓಡ್ತಾ ಓಡ್ತಾನೇ ಚೆಂಡನ್ನ ಶಾರ್ಟ್‌ಸ್ಟಾಪ್ ಕಡೆಗೆ ನೆಲಕ್ಕೆ ತಟ್ಟಿಬಿಡ್ತಾಳೆ. ಅಲ್ಲಿಂದ ಮೊದಲ ಬೇಸಿಗೆ ಎಸೆಯೋ ದೂರ ಜಾಸ್ತಿಯಲ್ವಾ, ಅದಕ್ಕೇ ಆ ಕಡೆ. ತಟ್ಟೋ ಕ್ಷಣದಲ್ಲಿ ಪಾದ ಪೂರ್ತಿಯಾಗಿ ಬಾಕ್ಸಿನ ಗೆರೆಯಾಚೆ ನೆಲದ ಮೇಲಿದ್ರೆ ಔಟ್. ಕೂದಲೆಳೆಯ ಲೆಕ್ಕ. ಚೆನ್ನಾಗಿ ಮಾಡಿದಾಗ ನೋಡೋಕೆ ಬಹಳ ಸೊಗಸು.

ಸೊಗಸು ಅಂತ ಮನಸಾರೆ ಹೇಳ್ತಿದೀನಿ. ನತಾಶಾ ವಾಟ್ಲಿ ಈ ಕಲೆಯಿಂದಲೇ ಹೆಸರು ಮಾಡಿದವಳು, 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಅಮೆರಿಕ ತಂಡದ ಶಾರ್ಟ್‌ಸ್ಟಾಪ್. ಅರಿಜೋನಾ ವಿಶ್ವವಿದ್ಯಾಲಯಕ್ಕೆ 2006, 2007 ಎರಡೂ ವರ್ಷ ಕಾಲೇಜು ಚಾಂಪಿಯನ್‌ಶಿಪ್ ಗೆದ್ದ ಕೇಟ್ಲಿನ್ ಲೋ ಇನ್ನೊಬ್ಬಳು. ಇವರ ವಿಡಿಯೋ ನೋಡ್ತಾ ನಾನೇ ಅಡುಗೆಮನೆಯಲ್ಲಿ ಸೌಟು ಹಿಡಿದು ಆ ಹೆಜ್ಜೆ ಹಾಕೋಕೆ ಹೋಗಿ ಬೀಳೋದ್ರಲ್ಲಿದ್ದೆ. ಆದ್ರೆ ಇವರ ಹೆಸರು ಹೇಳಿಯೇ ಕೋಚುಗಳು ಹತ್ತು ವರ್ಷದವರನ್ನ ಎಡಕ್ಕೆ ತಿರುಗಿಸೋದು. ಸುಬ್ಬುಲಕ್ಷ್ಮಿ ಹೆಸರು ಹೇಳಿ ಸರಳೆ ವರಸೆ ಬಿಟ್ಟು ನೇರ ಕಛೇರಿಗೆ ಕೂರಿಸಿದ ಹಾಗೆ.

ಇವರು ಹೇಳದೇ ಇರೋ ಗುಟ್ಟು ಒಂದಿದೆ. ಹತ್ತು ವರ್ಷದೊಳಗಿನವರ ಆಟದಲ್ಲಿ ಸ್ಲ್ಯಾಪ್ ಯಾಕೆ ಅಷ್ಟು ಚೆನ್ನಾಗಿ ನಡೆಯುತ್ತೆ? ಮೈದಾನದ ಅಳತೆ ನೋಡಿ. ಹತ್ತರೊಳಗಿನವರಿಗೆ ಪಿಚಿಂಗ್ ದೂರ 35 ಅಡಿ, ಹನ್ನೆರಡರೊಳಗೆ 40, ಆಮೇಲೆ 43. ಚೆಂಡೂ ಅಷ್ಟೇ, ಚಿಕ್ಕವರಿಗೆ ಸುತ್ತಳತೆ 11 ಇಂಚು, ಆಮೇಲೆ 12. ಬೇಸುಗಳ ನಡುವಿನ ದೂರ ಮಾತ್ರ ಬದಲಾಗಲ್ಲ, ಮೂರನೇ ಕ್ಲಾಸಿನವಳಿಗೂ 60, ಒಲಿಂಪಿಕ್ಸಿನವಳಿಗೂ 60. ಶಾರ್ಟ್‌ಸ್ಟಾಪಿನಲ್ಲಿ ನಿಂತಿರೋದೂ ಇನ್ನೊಂದು ಹತ್ತು ವರ್ಷದ ಮಗು. ಉರುಳಿ ಬರೋ ಚೆಂಡಿಗೆ ಮುಂದೆ ನುಗ್ಗಬೇಕು, ಬಗ್ಗಿ ಹಿಡೀಬೇಕು, ತಿರುಗಬೇಕು, ಅಷ್ಟು ದೂರ ನೇರವಾಗಿ ಎಸೀಬೇಕು. ಎಸೆದದ್ದು ಬೇಲಿಗೆ ಹೋಗುತ್ತೆ, ಇಲ್ಲಾ ಮೊದಲ ಬೇಸಿನವಳ ಕೈಜಾರುತ್ತೆ. ನಮ್ಮ ಹುಡುಗಿ ಎರಡನೇ ಬೇಸಿಗೂ ಹೋಗ್ತಾಳೆ. ಅಪ್ಪ ಅಮ್ಮಂದಿರು ಕೂಗಿದ್ದೇ ಕೂಗಿದ್ದು, ಕೋಚು ಹೆಮ್ಮೆಯಿಂದ ನಮ್ಮ ಕಡೆ ನೋಡ್ತಾರೆ.

ಅಲ್ಲಾ ಸ್ವಾಮಿ, ಅದು ಇವಳ ಕೌಶಲವಲ್ಲ, ಎದುರಿನ ಮಗುವಿನ ಅಸಹಾಯಕತೆ.

ಆ ಮಗುವೂ ಬೆಳೆಯುತ್ತೆ. ಹದಿನಾಲ್ಕಕ್ಕೆ ಅದೇ ಶಾರ್ಟ್‌ಸ್ಟಾಪ್ ಎರಡು ಹೆಜ್ಜೆ ಮುಂದೆ ಬಂದು ನಿಲ್ಲುತ್ತಾಳೆ, ಹಿಡಿದದ್ದೇ ಬಿಸಾಕ್ತಾಳೆ. ಮೂರನೇ ಬೇಸಿನವಳು ಮೂಗಿಗೆ ಮೂಗು ತಾಗೋಷ್ಟು ಹತ್ತಿರ ಬರ್ತಾಳೆ. ಬರೀ ತಟ್ಟಿ ಓಡೋದು ಕಲಿತವಳ ಆಟ ಅಲ್ಲಿಗೆ ನಿಂತಿತು. ಒಳಗೆ ಬಂದು ನಿಂತವರ ತಲೆ ಮೇಲಿಂದ ಹೊಡೆಯೋಣ ಅಂದ್ರೆ ಬೀಸೋದು ಕಲಿತೇ ಇಲ್ಲ, ಬಲಗಡೆಗೆ ವಾಪಸ್ ಹೋಗೋಣ ಅಂದ್ರೆ ನಾಲ್ಕು ವರ್ಷದ ತುಕ್ಕು. ಇಂಥ ಮೂವರನ್ನ ನಾನೇ ನೋಡಿದೀನಿ. ಇಬ್ಬರು ಆಟ ಬಿಟ್ಟರು. ಒಬ್ಬಳು ಬೇರೆಯವರ ಬದಲಿಗೆ ಬೇಸುಗಳ ಮಧ್ಯೆ ಓಡೋಕೆ ಮಾತ್ರ ಇಳೀತಾಳೆ.

"ಇದು ಬತ್ತಳಿಕೆಗೆ ಇನ್ನೊಂದು ಬಾಣ, ತಪ್ಪೇನು?" ಅಂತಾರೆ. ದೊಡ್ಡವರಿಗೆ ಹೌದು. ಬಂಟ್, ಸ್ಲ್ಯಾಪ್, ಬೀಸು ಹೊಡೆತ ಮೂರೂ ಬಲ್ಲ ಎಡಗೈಯವಳನ್ನ ಇಲ್ಲಿ ಟ್ರಿಪಲ್ ಥ್ರೆಟ್ ಅಂತ ಕರೆದು ಮುದ್ದು ಮಾಡ್ತಾರೆ. ಆದ್ರೆ ಹತ್ತು ವರ್ಷದವಳಿಗೆ ಅದು ಇನ್ನೊಂದು ಬಾಣವಾಗಿ ಉಳಿಯಲ್ಲ, ಬತ್ತಳಿಕೆಯಲ್ಲಿರೋ ಒಂದೇ ಬಾಣ ಆಗುತ್ತೆ. ಸ್ಲ್ಯಾಪ್ ಇವತ್ತೇ ಫಲ ಕೊಡುತ್ತೆ, ಬೀಸು ಹೊಡೆತ ಮೂರು ವರ್ಷ ಕಾಯಿಸುತ್ತೆ. ವಾರಕ್ಕೆ ಎರಡು ಪ್ರಾಕ್ಟೀಸು, ಒಬ್ಬೊಬ್ಬರ ಪಾಲಿಗೆ ಇಷ್ಟೇ ಚೆಂಡು. ಎರಡೂ ಕಲಿಸ್ತೀವಿ ಅಂದವರು ಮೂರನೇ ವಾರಕ್ಕೆ ಒಂದನ್ನೇ ಕಲಿಸ್ತಿರ್ತಾರೆ. ದೇಹಕ್ಕೂ ಇವೆರಡು ಸವತಿಯರು. ಬೀಸು ಹೊಡೆತದಲ್ಲಿ ಭಾರ ಹಿಂದೆ ಹಿಡಿದು, ಸೊಂಟ ತಿರುಗಿಸಿ, ಚೆಂಡಿಗಾಗಿ ಕಾಯಬೇಕು. ಸ್ಲ್ಯಾಪಿನಲ್ಲಿ ಸೊಂಟವನ್ನ ತಡೆದು, ಚೆಂಡಿನ ಎದುರಿಗೇ ಹೊರಡಬೇಕು. ಮೊದಲನೆಯದು ಮೈಗೆ ಹತ್ತೋಕೆ ಮುಂಚೆ ಎರಡನೆಯದನ್ನ ತುರುಕಿದರೆ ಎರಡೂ ಅರೆಬೆಂದ ಮುದ್ದೆ.

ನನಗೆ ನಿಜವಾಗಿ ಉರಿದದ್ದು "ಚಿಕ್ಕವಳು" ಅನ್ನೋ ಮಾತಿಗೆ. ಹೆಣ್ಣುಮಕ್ಕಳು ಸಾಮಾನ್ಯವಾಗಿ ಸರ್ರನೆ ಎತ್ತರ ಆಗೋದೇ ಹನ್ನೊಂದು ಹನ್ನೆರಡರ ಆಸುಪಾಸಿನಲ್ಲಿ. ಅದಕ್ಕೆ ಒಂದೋ ಎರಡೋ ವರ್ಷ ಮುಂಚೆ ಅಳತೆಪಟ್ಟಿ ಹಿಡಿದು ನಿಂತು ಜೀವಮಾನದ ನಿರ್ಧಾರ ತಗೊಳ್ಳೋದು ಯಾವ ಬುದ್ಧಿವಂತಿಕೆ? ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ಆ ತಂಡದಲ್ಲಿ ಎಡಕ್ಕೆ ತಿರುಗಿಸೋಕೆ ಆರಿಸಿದ್ದು ಮೂವರನ್ನ. ಮೂವರೂ ನಮ್ಮ ಕಡೆಯ ಮಕ್ಕಳು, ಇಬ್ಬರು ಭಾರತೀಯರು, ಒಬ್ಬಳು ಫಿಲಿಪಿನೋ. ಬೇಕಂತ ಮಾಡಿದ್ದು ಅಂತ ನಾನು ಹೇಳಲ್ಲ. ನೋಡಿದ ತಕ್ಷಣ "ಇವರಿಂದ ಪವರ್ ಬರಲ್ಲ" ಅಂತ ಕಣ್ಣಿಗೆ ಅನಿಸಿತು, ಕಣ್ಣು ಹೇಳಿದ್ದನ್ನ ಬಾಯಿ ಹೇಳಿತು. ಅವಳಿಗಿಂತ ಗಿಡ್ಡವಳಿದ್ದ ಇನ್ನೊಂದು ಹುಡುಗಿ ಬಲಗಡೆಯೇ ಉಳಿದಳು. ಅವಳಪ್ಪ ಅಸಿಸ್ಟೆಂಟ್ ಕೋಚು.

ನಮ್ಮೂರು ಭದ್ರಾವತಿ. ಅಲ್ಲಿ ಹುಟ್ಟಿ ಬೆಳೆದವರಿಗೆ ಕುಳ್ಳಗಿನವರ ಬ್ಯಾಟಿಂಗ್ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಜಿ. ಆರ್. ವಿಶ್ವನಾಥ್ ನಮ್ಮೂರಿನವರು. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಆಡಿದ ಮೊದಲ ಟೆಸ್ಟಿನ ಮೊದಲ ಇನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಆ ಗಾತ್ರದ ಮನುಷ್ಯ ಆ ಸ್ಕ್ವೇರ್ ಕಟ್ ಹೊಡೀತಿದ್ದ ಪರಿಯನ್ನ ಅಪ್ಪ ಊಟದ ತಟ್ಟೆ ಮುಂದೆ ಚಮಚ ಹಿಡಿದು ತೋರಿಸ್ತಿದ್ದರು, ಸಾರು ಗೋಡೆಗೆ ಹಾರ್ತಿತ್ತು. ತಾಕತ್ತು ಮೂಳೆಯ ಉದ್ದದಲ್ಲಿಲ್ಲ, ಮಣಿಕಟ್ಟಿನಲ್ಲಿದೆ, ಹೊತ್ತಿಗೆ ಸರಿಯಾಗಿ ಬರೋದರಲ್ಲಿದೆ ಅಂತ ಅಪ್ಪ ಹೇಳ್ತಿದ್ದರು. ಅದು ಕಲಿಯೋಕೆ ವರ್ಷಗಳು ಬೇಕು. ಬಿಡಬೇಕಲ್ಲ ಕಲಿಯೋಕೆ!

ಇನ್ನು ನಮ್ಮ ಮನೆಯ ವಿರೋಧ ಪಕ್ಷ. ಯಜಮಾನರು ಎರಡು ಬಾಂಬು ಹಾಕಿದರು. ಒಂದು, "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಸರಿ, ಬಗ್ಗಿಸೋಣ, ಯಾವ ಕಡೆಗೆ ಅನ್ನೋದೇ ಅಲ್ವಾ ಪ್ರಶ್ನೆ? ಎರಡನೆಯದು ಸ್ವಲ್ಪ ಗಟ್ಟಿ. "ಸ್ಮೃತಿ ಮಂಧಾನಾನೂ ಬಲಗೈಯವಳೇ, ಎಡಗಡೆ ಬ್ಯಾಟಿಂಗ್ ಮಾಡಲ್ವಾ?" ಆರ್‌ಸಿಬಿ ಹೆಸರು ತಂದರೆ ನಾನು ಸುಮ್ಮನಾಗ್ತೀನಿ ಅಂತ ಅವರಿಗೆ ಗೊತ್ತು. ಆದ್ರೆ ಮಂಧಾನ ಎಡಕ್ಕೆ ನಿಂತು ಕಲಿತದ್ದು ಕವರ್ ಡ್ರೈವ್. ತಟ್ಟಿ ಓಡೋದಲ್ಲ. ಎಡಗಡೆ ನಿಲ್ಲೋದಕ್ಕೆ ನನ್ನ ತಕರಾರು ಇಲ್ಲವೇ ಇಲ್ಲ. ಎಡಗಡೆ ನಿಂತು ಮೊದಲು ಬೀಸಿ ಹೊಡೆಯೋದು ಕಲಿಸ್ತೀವಿ ಅಂದಿದ್ರೆ ಅವತ್ತೇ ಒಪ್ಪಿಬಿಡ್ತಿದ್ದೆ. ಯಾರೂ ಹಾಗೆ ಹೇಳಲಿಲ್ಲ, ಯಾಕಂದ್ರೆ ಅದಕ್ಕೆ ಕಾಯಬೇಕು, ಭಾನುವಾರದ ಪ್ಲಾಸ್ಟಿಕ್ ಟ್ರೋಫಿ ಕಾಯಲ್ಲ.

ಕಾಲೇಜ್ ಸ್ಕಾಲರ್‌ಶಿಪ್ ಅನ್ನೋ ಮಂತ್ರವೂ ಇದೆ, ಅದಕ್ಕೆ ನಮ್ಮವರು ಬೇಗ ಬೀಳ್ತಾರೆ. ದೊಡ್ಡ ಕಾಲೇಜುಗಳ ತಂಡಕ್ಕೆ 2025ರವರೆಗೂ ಇದ್ದದ್ದು ಹೆಚ್ಚೆಂದರೆ 12 ಪೂರ್ಣ ಸ್ಕಾಲರ್‌ಶಿಪ್, ಅದನ್ನೇ ಇಪ್ಪತ್ತು ಚಿಲ್ಲರೆ ಹುಡುಗಿಯರಿಗೆ ತುಂಡು ತುಂಡು ಮಾಡಿ ಹಂಚ್ತಿದ್ದರು. ಹತ್ತು ವರ್ಷದ ಮಗುವಿನ ಬ್ಯಾಟಿಂಗ್ ನಿರ್ಧರಿಸೋಕೆ ಅದು ಆಧಾರವೇ ಅಲ್ಲ. ಆ ಮಟ್ಟದಲ್ಲಿ ಆಟವೂ ಬೀಸು ಹೊಡೆತದ ಕಡೆ ವಾಲಿದೆ. ಒಕ್ಲಹೋಮಾದ ಜೋಸೆಲಿನ್ ಆಲೋ 2022ರಲ್ಲಿ 122 ಹೋಮ್‌ರನ್ ಹೊಡೆದು ಕಾಲೇಜು ಆಟ ಮುಗಿಸಿದಳು. ನನ್ನ ಮಗಳು ಆಲೋ ಆಗಲ್ಲ, ಗೊತ್ತು. ವಾಟ್ಲಿಯೂ ಆಗದೇ ಇರಬಹುದು. ಇಬ್ಬರೂ ಆಗಲ್ಲ ಅಂದಮೇಲೆ ಆಟದ ಸುಖವನ್ನಾದರೂ ಪೂರ್ತಿ ಅನುಭವಿಸಲಿ. ಬ್ಯಾಟಿನ ಸರಿಯಾದ ಜಾಗಕ್ಕೆ ಚೆಂಡು ಕೂತಾಗ ಕೈಗೆ ಏನೂ ತಾಗಿಲ್ಲವೇನೋ ಅನಿಸೋ ಆ ಕ್ಷಣ ಇದೆಯಲ್ಲ, ಅದು ಗೊತ್ತಾಗದೇ ಆಟ ಬಿಟ್ಟರೆ ಇಷ್ಟು ಶನಿವಾರ ಬಿಸಿಲಲ್ಲಿ ಕೂತದ್ದು ಯಾಕೆ?

ಹಾಗಾದ್ರೆ ಯಾವಾಗ ಕಲಿಸಬೇಕು? ನನ್ನ ಲೆಕ್ಕ ಹೇಳ್ತೀನಿ. ಹುಟ್ಟಾ ಎಡಚಿಯಾಗಿದ್ದು ಓಟವೂ ಇದ್ದರೆ, ಬೀಸು ಹೊಡೆತದ ಜೊತೆಜೊತೆಗೆ ತೋರಿಸಿ, ನಷ್ಟವಿಲ್ಲ. ಬಲಗೈಯವಳಾದರೆ ಹದಿಮೂರರ ತನಕ ಮುಟ್ಟಬೇಡಿ. ಆಮೇಲೆ ಸ್ಟಾಪ್‌ವಾಚ್ ಹಿಡೀರಿ. ಪ್ಲೇಟಿನಿಂದ ಮೊದಲ ಬೇಸಿಗೆ ಮೂರು ಸೆಕೆಂಡಿನ ಹತ್ತಿರ ಬರೋ ಕಾಲು ಇದೆಯಾ? ತನ್ನ ತಂಡದಲ್ಲಿ ಚುರುಕು ಅನ್ನೋದು ಸಾಲದು, ಹತ್ತು ತಂಡದ ನಡುವೆ ಎದ್ದು ಕಾಣಬೇಕು. ಬಲಗಡೆ ಸರಿಯಾಗಿ ಹೊಡೆಯೋಕೆ ಬರುತ್ತಾ? ಬರದಿದ್ದವಳಿಗೆ ಸ್ಲ್ಯಾಪ್ ಪರಿಹಾರ ಅಲ್ಲ. ಓಡ್ತಾ ಇರೋವಾಗ ಚೆಂಡು ತಟ್ಟೋದು ನಿಂತು ಹೊಡೆಯೋದಕ್ಕಿಂತ ಸುಲಭ ಅಂತ ಯಾರು ಹೇಳಿದ್ದು? ಕಡೆಗೆ, ಅವಳಿಗೆ ಬೇಕಾ? ಈ ಪ್ರಶ್ನೆ ಮೊದಲೇ ಬರಬೇಕಿತ್ತು ನೋಡಿ. ನಾನೂ ಕೋಚಿನ ಹಾಗೇ ಅದನ್ನ ಕೊನೆಗೆ ಇಟ್ಟೆ.

ನಿಜಕ್ಕೂ ಹಾಗೇ ಆಯಿತು. ಅಷ್ಟೆಲ್ಲ ಜಗಳ ಆಡಿ, ವಿಡಿಯೋ ನೋಡಿ, ಒಂದು ವಾರ ಕಳೆದ ಮೇಲೆ ಅವಳನ್ನ ಕೇಳಿದೆ. ಮೊಸರನ್ನ ಕಲಸ್ತಾ ಇದ್ದಳು. "ಅಮ್ಮಾ, ನಂಗೆ ಜೋರಾಗಿ ಹೊಡೀಬೇಕು. ಔಟ್ ಆದ್ರೂ ಪರವಾಗಿಲ್ಲ" ಅಂದಳು. ಅಷ್ಟೇ. ಕೋಚಿಗೆ ಮೇಲ್ ಬರೆದೆ. ಉತ್ತರ ಮರ್ಯಾದೆಯಿಂದಲೇ ಬಂತು. ಮುಂದಿನ ಎರಡು ಟೂರ್ನಮೆಂಟಿನಲ್ಲಿ ಅವಳು ಬೆಂಚಿನ ಮೇಲಿದ್ದಳು. ಸೀಸನ್ ಮುಗಿಸಿ ಆ ತಂಡ ಬಿಟ್ಟೆವು.

ಈಗ ಸಣ್ಣದೊಂದು ತಂಡದಲ್ಲಿ ಒಂಬತ್ತನೆಯವಳಾಗಿ, ಬಲಗಡೆ ನಿಂತು ಬ್ಯಾಟ್ ಮಾಡ್ತಾಳೆ. ಸ್ಟ್ರೈಕ್‌ಔಟ್ ಆಗೋದೇ ಜಾಸ್ತಿ, ಸುಳ್ಳು ಹೇಳಲ್ಲ. ಹೋದ ತಿಂಗಳಿಂದ ಗ್ಯಾರೇಜಿನಲ್ಲಿ ಒಬ್ಬಳೇ ಇರುವಾಗ ಎಡಗಡೆ ನಿಂತು ಆ ದಾಟು ಹೆಜ್ಜೆ ಹಾಕಿ ನೋಡ್ತಾಳೆ, ನಾನು ಬಾಗಿಲು ತೆಗೆದರೆ ನಿಲ್ಲಿಸ್ತಾಳೆ. ನಾನು ಕೇಳಿಲ್ಲ, ಅವಳೂ ಹೇಳಿಲ್ಲ. ಮುಂದಿನ ಶನಿವಾರ ಹೊಸ ಟ್ರೈಔಟ್ ಇದೆ. ಫಾರ್ಮಿನಲ್ಲಿ "ಬ್ಯಾಟಿಂಗ್: ಎಡ / ಬಲ" ಅಂತ ಒಂದು ಸಾಲು ಇರುತ್ತೆ. ಮಿಕ್ಕಿದ್ದೆಲ್ಲ ತುಂಬಿ ಅದೊಂದನ್ನ ಖಾಲಿ ಬಿಟ್ಟು, ಪೆನ್ನಿನ ಜೊತೆ ಅವಳ ಮೇಜಿನ ಮೇಲೆ ಇಟ್ಟಿದೀನಿ.