ಮನೆಯ ಮೋಟಾರು: ಕೈಬ್ರೇಕಿನ ಹುರಿ

ಚಕ್ಕಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿದ ರೈತನು ಎತ್ತುಗಳ ಕೊಳ್ಳು ಹರಿಯುವ ಮೊದಲು ಗಾಲಿಗೆ ಒಂದು ಕಲ್ಲನ್ನು ಕೊಡುವನು. ಶಿರಹಟ್ಟಿಯ ಸೀಮೆಯಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಅಂಗಳದಲ್ಲಿ ನಿಂತ ಹಳೆಯ ಕಾರಿನ ವಿಷಯದಲ್ಲಿ ಈ ಎಚ್ಚರವು ಅನೇಕ ಮನೆಗಳಲ್ಲಿ ಕಾಣುವುದಿಲ್ಲ. ಕೈಬ್ರೇಕು ಹಿಡಿಯದಿದ್ದರೆ ಗೇರಿನಲ್ಲಿ ನಿಲ್ಲಿಸಿದರಾಯಿತೆಂಬ ಸಮಾಧಾನದಲ್ಲಿಯೇ ವರ್ಷಗಳು ಉರುಳುತ್ತವೆ. ಗೇರು ಜಾರಿದ ದಿನ ಗಾಡಿಯ ಹಿಂದೆ ಆಡುತ್ತಿರುವವು ನಮ್ಮ ಮಕ್ಕಳೇ ಆಗಿರಬಹುದು. ಆದುದರಿಂದ ಈ ಸಲ ಆ ಹುರಿಯ ವಿಚಾರವನ್ನೇ ವಾಚಕರ ಮುಂದಿಡುವೆವು.

ಕಾಲಿನ ಬ್ರೇಕು ಎಣ್ಣೆಯ ಒತ್ತಡದಿಂದ ನಡೆಯತಕ್ಕದ್ದು. ಕೈಬ್ರೇಕಿಗಾದರೋ ಆ ಎಣ್ಣೆಯ ಹಂಗಿಲ್ಲ. ಹಿಡಿಕೆಯನ್ನೆಳೆದರೆ ಉಕ್ಕಿನ ತಂತಿಗಳನ್ನು ಹೊಸೆದು ಮಾಡಿದ ಹುರಿಯು, ಅಂದರೆ ಕೇಬಲ್ಲು, ಹಿಂದಿನ ಎರಡು ಗಾಲಿಗಳವರೆಗೆ ಆ ಎಳೆತವನ್ನು ಒಯ್ಯುವುದು. ನಡುವೆ ಇರುವ ಸಮತೋಲದ ಪಟ್ಟಿಯು ಅದನ್ನು ಎರಡೂ ಕಡೆಗೆ ಸಮನಾಗಿ ಹಂಚುವುದು. ಗಾಲಿಯ ಡ್ರಮ್ಮಿನೊಳಗೆ ಒಂದು ಸಣ್ಣ ಸನ್ನೆಯು ಬ್ರೇಕಿನ ಶೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತುವುದು. ಅಮೆರಿಕೆಯಲ್ಲಿ 1964ರಲ್ಲಿ ಬಂದ ಪಾಂಟಿಯಾಕ್ ಜಿ.ಟಿ.ಓ. ಮೊದಲಾದ ಮಹಾಬಲದ ಕಾರುಗಳಲ್ಲಿಯೂ ಇದೇ ಏರ್ಪಾಡು. ಅವುಗಳಲ್ಲಿ ಹಲವಕ್ಕೆ ಕೈಹಿಡಿಕೆಯ ಬದಲು ಎಡಗಾಲಿನ ಮೆಟ್ಟು ಇತ್ತು, ಅಷ್ಟೇ. ಎಂಜಿನ್ನಿಗೆ ನೂರಾರು ಕುದುರೆಗಳ ಶಕ್ತಿಯಿದ್ದರೂ, ನಿಂತ ಗಾಡಿಯನ್ನು ಹಿಡಿಯುವುದು ಬೆರಳಿಗಿಂತ ತೆಳುವಾದ ಈ ಹುರಿಯೇ.

ಮಳೆಗಾಲದಲ್ಲಿ ನಮ್ಮ ಎರೆಮಣ್ಣಿನ ಕೆಸರು ಹರಿದ ಹೊದಿಕೆಯೊಳಗೆ ಸೇರಿ, ಬೇಸಗೆಯಲ್ಲಿ ಒಣಗಿ ಗಟ್ಟಿಯಾಗುವುದು. ನೀರು ತಂತಿಗೆ ತುಕ್ಕು ಹಿಡಿಸುವುದು. ಆಗ ಹುರಿಯು ಎಳೆದರೂ ಚಲಿಸದು, ಇಲ್ಲವೆ ಬಿಟ್ಟರೂ ಹಿಂದಿರುಗದು. ಎರಡನೆಯದಾದರೆ ಡ್ರಮ್ಮು ಕಾದು ವಾಸನೆ ಬರುವುದು, ಪೆಟ್ರೋಲು ವ್ಯರ್ಥವಾಗುವುದು. ಕೈಬ್ರೇಕನ್ನು ಬಳಸದೆ ಬಿಟ್ಟರೆ ಅದು ಉಳಿಯುವುದೆಂಬ ಎಣಿಕೆ ತಪ್ಪು. ಚಲಿಸದ ಹುರಿಯೇ ಬೇಗ ಹಿಡಿದುಕೊಳ್ಳುವುದು.

ಎಳೆಗಳು ಬಿಚ್ಚಿಕೊಂಡ ಹುರಿಯನ್ನು ಗಂಟು ಹಾಕಿ ಮುಂದುವರಿಸುವುದು ಅಪಾಯಕರ. ಎರಡೂ ಗಾಲಿಗಳ ಹುರಿಗಳನ್ನು ಒಟ್ಟಿಗೆ ಬದಲಿಸುವುದೇ ಲೇಸು. ಒಂದು ಹೊಸದು, ಒಂದು ಹಳೆಯದಾದರೆ ಹಿಡಿತವು ಸಮನಾಗದು. ಅಂಬಾಸಡರ್ ಮತ್ತು ಮಾರುತಿ 800, ಇವೆರಡರ ತಯಾರಿಕೆಯೂ 2014ರಲ್ಲಿಯೇ ನಿಂತಿತು. ಆದುದರಿಂದ ಹಳೆಯ ಹುರಿಯನ್ನು ಎಸೆಯದೆ ಅಂಗಡಿಗೊಯ್ದು, ಉದ್ದವನ್ನೂ ತುದಿಯ ಗುಂಡನ್ನೂ ಹೊಸದರೊಡನೆ ಹೋಲಿಸಿ ಕೊಳ್ಳಬೇಕು.

ಕೆಲಸವನ್ನು ಬಲ್ಲವರಿಂದ ಮಾಡಿಸುವಾಗಲೂ ಕ್ರಮವು ತಿಳಿದಿರಲಿ. ಗಾಡಿಯು ಸಮನೆಲದ ಮೇಲಿರಬೇಕು. ಮುಂದಿನ ಗಾಲಿಗಳಿಗೆ ಎರಡೂ ಬದಿಯಿಂದ ಅಡ್ಡಗಟ್ಟೆಗಳನ್ನಿಡಬೇಕು. ಹಿಂಭಾಗವನ್ನು ಎತ್ತಿದ ಮೇಲೆ ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸತಕ್ಕದ್ದು. ಬರಿಯ ಜಾಕನ್ನು ನಂಬಿ ಯಾರೂ ಕೆಳಗೆ ತೂರಬಾರದು. ಕೈಬ್ರೇಕನ್ನು ಬಿಟ್ಟು, ಹೊಂದಿಸುವ ನಟ್ಟನ್ನು ಸಡಿಲಿಸಿ, ಡ್ರಮ್ಮನ್ನು ತೆಗೆದು, ಸನ್ನೆಯಿಂದ ಹುರಿಯ ತುದಿಯನ್ನು ಬಿಡಿಸಬೇಕು. ಒಳಗಿನ ಸ್ಪ್ರಿಂಗುಗಳು ಸಿಡಿಯುವುದುಂಟಾದುದರಿಂದ ಕಣ್ಣಿಗೆ ಕನ್ನಡಕವು ಅವಶ್ಯ. ಹಳೆಯ ಶೂಗಳ ಧೂಳಿನಲ್ಲಿ ಕ್ಯಾನ್ಸರಿಗೆ ಕಾರಣವಾಗುವ ಆಸ್ಬೆಸ್ಟಾಸ್ ಇರಬಹುದು. ಅದನ್ನು ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಹೊಸ ಹುರಿಯು ಹಳೆಯದರ ದಾರಿಯಲ್ಲಿಯೇ ಸಾಗಿ, ಹೊಗೆಕೊಳವೆಯಿಂದ ದೂರವಿರಬೇಕು.

ಮೊದಲು ಶೂಗಳ ಅಂತರವನ್ನು ಸರಿಪಡಿಸಿ, ಅನಂತರವೇ ಹುರಿಯನ್ನು ಬಿಗಿಯಬೇಕು. ಈ ಕ್ರಮವು ತಲೆಕೆಳಗಾದರೆ ಹೊಸ ಹುರಿಯೂ ಬೇಗ ಸೋಲುವುದು. ಹಿಡಿಕೆಯನ್ನು ಹತ್ತಾರು ಸಲ ಎಳೆದು ಬಿಟ್ಟ ಮೇಲೆ ಎರಡೂ ಗಾಲಿಗಳು ತಡೆಯಿಲ್ಲದೆ ತಿರುಗಬೇಕು. ಎಳೆದಾಗ ಎರಡೂ ಸಮನಾಗಿ ನಿಲ್ಲಬೇಕು. ಬಳಿಕ ಸಣ್ಣ ಇಳಿಜಾರಿನಲ್ಲಿ, ಕೆಳಗೆ ಯಾರೂ ಇಲ್ಲದಿರುವಾಗ, ಕಾಲನ್ನು ಬ್ರೇಕಿನ ಸಮೀಪವೇ ಇಟ್ಟುಕೊಂಡು ಪರೀಕ್ಷಿಸಬೇಕು. ಕಪ್ಪತಗುಡ್ಡದ ಏರುದಾರಿಯಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು ಮೊದಲ ಪರೀಕ್ಷೆ ಮಾಡಕೂಡದು. ಹೊಸ ಹುರಿಯು ಕೆಲವು ದಿನಗಳಲ್ಲಿ ತುಸು ಹಿಗ್ಗುವುದರಿಂದ ವಾರದ ಬಳಿಕ ಮತ್ತೊಮ್ಮೆ ಬಿಗಿಯನ್ನು ನೋಡಬೇಕು.

ಇಷ್ಟಾದ ಮೇಲೆ ಮನೆಯವರೆಲ್ಲರೂ ಪಾಲಿಸಬೇಕಾದ ನಿಯಮಗಳು ಎರಡೇ. ಗಾಡಿ ನಿಂತಾಗಲೆಲ್ಲ, ನೆಲ ಸಮನಾಗಿದ್ದರೂ, ಕೈಬ್ರೇಕನ್ನು ಎಳೆಯಬೇಕು. ನಿಂತ ಕಾರಿನೊಳಗೆ ಮಕ್ಕಳನ್ನು ಒಂಟಿಯಾಗಿ ಆಡಲು ಬಿಡಬಾರದು. ಎಳೆದ ಹಿಡಿಕೆಯನ್ನು ಬಿಡಿಸಲು ಎಳೆಯ ಕೈಯ ಬಲವೂ ಸಾಕು.