ಮನೆಯ ಜಮಾಖರ್ಚು: ಮುಯ್ಯಿಯ ಪುಸ್ತಕ

ಆಂಡರ್ಸನ್‌ಪೇಟೆಯ ಗೃಹಿಣಿಯೊಬ್ಬರು ಬರೆದಿರುವ ಕಾಗದವು ನನ್ನ ಮುಂದಿದೆ. ಅವರ ಯಜಮಾನರು ದಿನವೂ ಬೆಳಗಿನ ಕತ್ತಲಲ್ಲಿಯೇ ಮಾರಿಕುಪ್ಪಂ ರೈಲುಗಾಡಿಯನ್ನು ಹಿಡಿದು, ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೋಗಿ, ಗುತ್ತಿಗೆದಾರರೊಬ್ಬರ ಕೈಕೆಳಗೆ ದುಡಿದು, ರಾತ್ರಿ ಮನೆ ಸೇರತಕ್ಕವರು. ದುಡಿದ ದಿನಕ್ಕೆ ೭೦೦ ರೂಪಾಯಿ. ದುಡಿಯದ ದಿನಕ್ಕೆ ಏನೂ ಇಲ್ಲ. ಮಾವನವರು ಗಣಿಯಲ್ಲಿದ್ದವರು, ಈಗ ಕಾಲವಾಗಿದ್ದಾರೆ. ಅವರು ಬಿಟ್ಟುಹೋದ ವಸ್ತುಗಳಲ್ಲಿ ಒಂದು ಮುಯ್ಯಿ ಪುಸ್ತಕವೂ ಇದೆ. ಆ ಪುಸ್ತಕದ ಪ್ರಕಾರ ಬರುವ ಲಗ್ನಕಾಲದಲ್ಲಿ ಮೂರು ಮನೆಗಳಿಗೆ ಮುಯ್ಯಿ ಸಲ್ಲಬೇಕಾಗಿದೆ. ಕಿವಿಯ ಓಲೆಗಳನ್ನು ಗಿರವಿ ಇಡುವುದೋ, ಏನಾದರೂ ನೆಪ ಹೇಳಿ ಮದುವೆಗಳಿಗೆ ಹೋಗದೆ ಉಳಿಯುವುದೋ, ತಿಳಿಸಬೇಕೆಂದು ಕೇಳಿದ್ದಾರೆ. ಚಿನ್ನದ ನಾಡೆಂದು ಹೆಸರು ಪಡೆದ ಊರಿನಲ್ಲಿ ಓಲೆಯನ್ನು ಗಿರವಿಗೆ ಕಳುಹಿಸುವ ಮಾತು ನನ್ನ ಮನಸ್ಸನ್ನು ಕಲಕಿತು. ಎರಡೂ ಬೇಡವೆಂಬುದೇ ನನ್ನ ಅಭಿಪ್ರಾಯ. ಕಾರಣವನ್ನು ಮುಂದೆ ಹೇಳುತ್ತೇನೆ.

ಮೊದಲು ಶಬ್ದವನ್ನು ನೋಡೋಣ; ಹಳೆಯ ಉಪಾಧ್ಯಾಯನ ಚಾಳಿ, ವಾಚಕರು ಮನ್ನಿಸಬೇಕು. ಕನ್ನಡದಲ್ಲಿ ಮದುವೆಯ ಉಡುಗೊರೆಯೂ ಮುಯ್ಯಿ, ತೀರಿಸಿಕೊಳ್ಳುವ ಸೇಡೂ ಮುಯ್ಯಿ. ಬಂದದ್ದನ್ನು ಬಂದವರಿಗೆ ಹಿಂದಿರುಗಿಸುವುದೆಂಬ ಅರ್ಥ ಎರಡಕ್ಕೂ ಸಮಾನ. ನಮ್ಮ ತಮಿಳು ನೆರೆಯವರು ಇದನ್ನೇ ಮೊಯ್ ಎನ್ನುತ್ತಾರೆ. ತೆಲುಗರಲ್ಲಿ ಚದಿವಿಂಪು, ಎಂದರೆ ಕೊಟ್ಟವರ ಹೆಸರನ್ನೂ ಮೊತ್ತವನ್ನೂ ಓದಿಸುವುದು. ಮೂರು ಭಾಷೆಗಳೂ ಒಂದೇ ಬೀದಿಯಲ್ಲಿ ಕೇಳಿಬರುವ ಈ ಪೇಟೆಯಲ್ಲಿ ಹೆಸರು ಯಾವುದಾದರೂ ಪುಸ್ತಕದ ರೀತಿ ಒಂದೇ: ಎಡಗಡೆ ಹೆಸರು, ಬಲಗಡೆ ಮೊತ್ತ. ಆದಕಾರಣ ಮುಯ್ಯಿಯನ್ನು ದಾನವೆಂದು ತಿಳಿಯತಕ್ಕದ್ದಲ್ಲ. ಅದು ಪತ್ರವೂ ಬಡ್ಡಿಯೂ ಇಲ್ಲದ ಕೈಸಾಲ. ಮದುವೆಯಂತಹ ಭಾರಿಯ ವೆಚ್ಚ ಬಂದ ದಿನ ನೂರು ಮನೆಗಳವರು ಕೂಡಿ ಒಬ್ಬ ಗೃಹಸ್ಥನಿಗೆ ಕೈ ಕೊಡುತ್ತಾರೆ. ಆತನು ಮುಂದೆ ನೂರು ಮದುವೆಗಳಲ್ಲಿ ಸ್ವಲ್ಪಸ್ವಲ್ಪವಾಗಿ ಅದನ್ನು ತೀರಿಸುತ್ತಾನೆ. ಇದನ್ನು ಮೂಢ ಸಂಪ್ರದಾಯವೆಂದು ಹೀಗಳೆಯುವ ವಿದ್ಯಾವಂತರನ್ನು ನಾನು ಬಲ್ಲೆ. ಅಷ್ಟು ಹಣವನ್ನು ಬಡ್ಡಿಯಿಲ್ಲದೆ ಬೇರೆ ಯಾರು ಕೊಡುತ್ತಾರೆಂದು ಕೇಳಿದರೆ ಅವರಲ್ಲಿ ಉತ್ತರವಿಲ್ಲ. ಈ ಸೋದರಿಗೆ ಹೆಣ್ಣುಮಗುವಿದೆ. ಇಂದು ನೆಪ ಹೇಳಿ ಉಳಿದರೆ ನಾಳೆ ಆ ಮಗುವಿನ ಮದುವೆಯ ಚಪ್ಪರದಲ್ಲಿ ಕೂರುವವರು ಕಡಿಮೆಯಾಗುತ್ತಾರೆ.

ಹಾಗಾದರೆ ಇಂಥ ಒಳ್ಳೆಯ ಏರ್ಪಾಡು ಈ ಮನೆಗೆ ಏಕೆ ಭಾರವಾಯಿತು? ಪುಸ್ತಕವು ಒಂದು ಕಾಲದ್ದು, ಸಂಪಾದನೆ ಇನ್ನೊಂದು ಕಾಲದ್ದು. ಕೋಲಾರದ ಗಣಿಗಳು ೧೮೮೦ರ ದಶಕದಿಂದ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ ಬೆಳೆದು, ೧೯೫೬ರಲ್ಲಿ ಮೈಸೂರು ಸರ್ಕಾರದ ವಶಕ್ಕೆ ಬಂದು, ೧೯೭೨ರಿಂದ ಭಾರತ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಲ್ಲಿ ನಡೆದು, ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದುವು. ಅಲ್ಲಿಯವರೆಗೆ ಗಣಿಯ ಕೆಲಸಗಾರನಿಗೆ ನೆಲದಾಳದ ಕಷ್ಟವೆಷ್ಟಿದ್ದರೂ ತಿಂಗಳಿಗೆ ಗೊತ್ತಾದ ಸಂಬಳವಿತ್ತು, ವಾಸಕ್ಕೆ ಲೈನಿನಲ್ಲಿ ಮನೆಯಿತ್ತು. ಆತನು ಕೊಟ್ಟ ಮುಯ್ಯಿಯೂ ಪಡೆದ ಮುಯ್ಯಿಯೂ ಆ ಭದ್ರತೆಯ ಅಳತೆಗೆ ತಕ್ಕದ್ದು. ಗಣಿಯ ಸಂಬಳ ನಿಂತುಹೋದರೂ ಪುಸ್ತಕದ ಬಾಕಿ ನಿಲ್ಲಲಿಲ್ಲ. ಅದು ದಿನಗೂಲಿಯ ಮಗನ ತಲೆಯ ಮೇಲೆ ಬಂದಿತು.

ಬಾಕಿಯನ್ನು ತೀರಿಸುವ ಪ್ರಮಾಣವೇನು? ೧೯೯೪ರಲ್ಲಿ ಒಬ್ಬರು ೧೦೧ ರೂಪಾಯಿ ಓದಿಸಿದ್ದಾರೆ. ಇಂದು ಅದೇ ೧೦೧ನ್ನು ಕೊಟ್ಟರೆ ಹಾಸ್ಯವಾಗುತ್ತದೆ. ಅಂದಿನಿಂದ ಇಂದಿಗೆ ಚಿನ್ನದ ದರವು ಎಷ್ಟು ಪಟ್ಟು ಏರಿದೆಯೋ ಅಷ್ಟರಿಂದ ಗುಣಿಸಬೇಕೆಂದು ಕೆಲವರು ವಾದಿಸುತ್ತಾರೆ. ಹಾಗೆ ಮಾಡಿದರೆ ೨,೦೦೦ ರೂಪಾಯಿಯನ್ನು ದಾಟುತ್ತದೆ. ಇದು ಚಿನ್ನದಂಗಡಿಯ ಲೆಕ್ಕವೇ ಹೊರತು ನೆಂಟಸ್ತಿಕೆಯ ಲೆಕ್ಕವಲ್ಲ. ಕೊಟ್ಟಾತನು ತನ್ನ ದುಡಿಮೆಯ ಎಷ್ಟು ದಿನಗಳನ್ನು ಕೊಟ್ಟನೋ ನಾವೂ ನಮ್ಮ ದುಡಿಮೆಯ ಅಷ್ಟು ದಿನಗಳನ್ನು ಹಿಂದಿರುಗಿಸುವುದು ನ್ಯಾಯವೆಂದು ನನಗೆ ತೋರುತ್ತದೆ. ೧೦೧ ರೂಪಾಯಿ ಅಂದಿಗೆ ಸುಮಾರು ಒಂದು ದಿನದ ಸಂಬಳವಾಗಿತ್ತೆಂದು ಈ ಸೋದರಿಯ ಅತ್ತೆಯವರು ನೆನಪು ಮಾಡಿಕೊಂಡಿದ್ದಾರಂತೆ. ಹಾಗಾದರೆ ಇಂದು ಸಲ್ಲತಕ್ಕದ್ದು ೭೦೧. ಉಳಿದ ಎರಡು ಮನೆಗಳದ್ದೂ ಅದೇ ತೆರನಾದುದರಿಂದ ಮೂರಕ್ಕೂ ಸೇರಿ ೨,೧೦೩ ರೂಪಾಯಿ.

ಇಷ್ಟಕ್ಕೆ ಓಲೆ ಗಿರವಿಗೆ ಹೋಗಬೇಕೆ? ಹೋಗುವುದು ಇಷ್ಟಕ್ಕಲ್ಲ. ಅವರೇ ಬರೆದಿರುವಂತೆ ಪ್ರತಿಯೊಂದು ಮದುವೆಗೂ ನಾಲ್ವರು ಹೊರಡಬೇಕು, ಹಿಂದಿನ ದಿನದ ವರಪೂಜೆಗೂ ನಿಲ್ಲಬೇಕು. ಹೋಗಿಬರುವ ಚಾರ್ಜು ೪೦೦, ಯಜಮಾನರ ಎರಡು ದಿನದ ಗೈರುಹಾಜರಿ ೧,೪೦೦, ಮುಯ್ಯಿ ೭೦೧, ಒಟ್ಟು ೨,೫೦೧. ಮೂರು ಮದುವೆಗೆ ೭,೫೦೩. ಇದರಲ್ಲಿ ಕಳೆದುಹೋದ ಕೂಲಿಯೇ ೪,೨೦೦. ಆದರೆ ಮನೆಯ ಲೆಕ್ಕದ ಪುಸ್ತಕದಲ್ಲಿ ಈ ಬಾಬು ಎಲ್ಲಿಯೂ ಕಾಣುವುದಿಲ್ಲ, ಅದೇಕೆಂದರೆ ಅದು ಕೈಗೆ ಬಂದು ಹೋದ ಹಣವಲ್ಲ, ಬಾರದೆಯೇ ಹೋದ ಹಣ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಂತೆ ೭,೫೦೦ನ್ನು ಗಿರವಿಯ ಮೇಲೆ ತಂದರೆ ವರ್ಷಕ್ಕೆ ಬಡ್ಡಿಯೇ ೧,೮೦೦. ಮುಯ್ಯಿಯು ಒಂದು ದಿನ ಹಿಂದಿರುಗಿ ಬರುತ್ತದೆ. ಕೂಲಿಯಾಗಲಿ, ಚಾರ್ಜಾಗಲಿ, ಬಡ್ಡಿಯಾಗಲಿ ಬರುವುದಿಲ್ಲ. ಆದಕಾರಣ ಕತ್ತರಿಸಬೇಕಾದುದು ಮುಯ್ಯಿಯನ್ನಲ್ಲ, ದಿನಗಳನ್ನು. ಅತ್ತೆಯೂ ಸೊಸೆಯೂ ಮೂರು ಮದುವೆಗಳಿಗೂ ಹೋಗಿ ಬರಲಿ, ಚಾರ್ಜು ೬೦೦. ಯಜಮಾನರು ಅತಿ ಹತ್ತಿರದ ಸಂಬಂಧದ ಒಂದು ಮದುವೆಗೆ, ಧಾರೆಯ ದಿನ ಮಾತ್ರ ಹೋಗಲಿ. ಅವರ ಒಂದು ದಿನದ ಕೂಲಿ ೭೦೦, ಚಾರ್ಜು ೧೦೦. ಆಗ ಎಲ್ಲ ಸೇರಿ ೩,೫೦೩, ಎಂದರೆ ಅರ್ಧಕ್ಕಿಂತ ಕಡಿಮೆ. ಮುಯ್ಯಿ ಬರೆಯಿಸಲು ಗಂಡಸರೇ ಬರಬೇಕೆಂದು ನಾನು ಓದಿದ ಯಾವ ಶಾಸ್ತ್ರದಲ್ಲಿಯೂ ಇಲ್ಲ.

ರಜೆಯ ಮಾತು ಬಂದುದರಿಂದ ಇನ್ನೊಂದು ಸಂಗತಿ. ಕರ್ನಾಟಕದಲ್ಲಿ ೧೯೬೩ರ ಕಾಯಿದೆಯೊಂದು ಕೈಗಾರಿಕಾ ಸಂಸ್ಥೆಗಳ ನೌಕರರಿಗೆ ವರ್ಷಕ್ಕೆ ಹತ್ತು ದಿನ ಸಂಬಳಸಹಿತ ರಜೆಯನ್ನು ಗೊತ್ತುಪಡಿಸಿದೆ: ಗಣರಾಜ್ಯ, ಕಾರ್ಮಿಕ, ಸ್ವಾತಂತ್ರ್ಯ, ಗಾಂಧಿಜಯಂತಿ, ರಾಜ್ಯೋತ್ಸವಗಳ ಐದು ದಿನ, ಹಬ್ಬಗಳದ್ದು ಐದು. ಗುತ್ತಿಗೆಯ ಕೆಲಸದವರು ಇದು ತಮಗೆ ಸಲ್ಲುತ್ತದೆಯೇ ಎಂದು ಸಂಕೋಚವಿಲ್ಲದೆ ವಿಚಾರಿಸಬೇಕು.

ಈಗ ಹಬ್ಬಗಳು. ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿದ್ದ ತಾಳೆಗರಿಯ ಪ್ರತಿಯಿಂದ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆಯ, ವ್ಯಯ, ನೀವೀ ಎಂಬ ಮೂರು ಪದಗಳಿವೆ. ನೀವೀ ಎಂದರೆ ನಾವು ಹೇಳುವ ಶಿಲ್ಕು. ಅಲ್ಲಿ ವ್ಯಯವನ್ನು ನಿತ್ಯವೆಂದೂ ಲಾಭವೆಂದೂ ವಿಂಗಡಿಸಿದೆ. ದಿನವೂ ನಡೆಯುವುದು ನಿತ್ಯ. ಪಕ್ಷಕ್ಕೆ, ಮಾಸಕ್ಕೆ, ಸಂವತ್ಸರಕ್ಕೆ ಒಮ್ಮೆ ಬರುವುದು ಲಾಭ. ಖರ್ಚಿಗೆ ಲಾಭವೆಂಬ ಹೆಸರು ವಿಚಿತ್ರವೇ ಸರಿ! ಎಣಿಕೆಯಿಲ್ಲದೆ ಹುಟ್ಟಿಕೊಳ್ಳುವ ವೆಚ್ಚಕ್ಕೆ ಬೇರೆ ಹೆಸರಿದೆ. ನಮ್ಮ ಮನೆಗಳಲ್ಲಿ ಹಬ್ಬವನ್ನು ಈ ಮೂರನೆಯ ವರ್ಗಕ್ಕೆ ತಳ್ಳಿ, ಜ್ವರ ಬಂದಂತೆ ಹಬ್ಬ ಬಂತೆಂದು ಗಾಬರಿಪಡುತ್ತೇವೆ. ಯುಗಾದಿಯ ದಿನವೇ ಪಂಚಾಂಗ ಓದಿಸಿ ಕೇಳುವ ಜನ ನಾವು. ವರ್ಷದ ಹಬ್ಬಗಳೆಲ್ಲವೂ ಅಂದೇ ತಿಳಿದಿರುತ್ತವೆ.

ತಿಳಿದಿದ್ದರೂ ತೊಡಕುಂಟು. ಸಂಬಳ ಬರುವುದು ಇಂಗ್ಲಿಷ್ ತಿಂಗಳಿನ ಪ್ರಕಾರ, ಹಬ್ಬ ಬರುವುದು ಚಾಂದ್ರಮಾನದ ಪ್ರಕಾರ. ಗಣೇಶನ ಹಬ್ಬವು ೨೦೨೪ರಲ್ಲಿ ಸೆಪ್ಟೆಂಬರ್ ೭ರಂದು, ಸಂಬಳವು ಕೈಗೆ ಬರುವ ವೇಳೆಗೆ ಬಂದಿತು. ೨೦೨೫ರಲ್ಲಿ ಆಗಸ್ಟ್ ೨೭ರಂದು, ಡಬ್ಬಿ ಬರಿದಾದ ಮೇಲೆ ಬಂದಿತು. ಖರ್ಚು ಅದೇ ಆಗಿದ್ದರೂ ಎರಡನೆಯ ವರ್ಷ ಎಷ್ಟೋ ಮನೆಗಳಲ್ಲಿ ಕೈಸಾಲವಾಯಿತು. ಕ್ರೈಸ್ತ ಬಂಧುಗಳ ಕ್ರಿಸ್‌ಮಸ್ಸಂತೂ ಯಾವಾಗಲೂ ತಿಂಗಳ ಕೊನೆಯ ವಾರದ್ದು. ಪಂಚಾಂಗವನ್ನೂ ಗೋಡೆಯ ಕ್ಯಾಲೆಂಡರನ್ನೂ ಪಕ್ಕಪಕ್ಕದಲ್ಲಿಟ್ಟು, ತಿಂಗಳ ೨೦ನೆಯ ತಾರೀಖಿನ ಮೇಲೆ ಬೀಳುವ ಹಬ್ಬಗಳಿಗೆ ಕೆಂಪು ಗುರುತು ಹಾಕಿಕೊಂಡರೆ ಹಿಂದಿನ ತಿಂಗಳಿನಲ್ಲಿಯೇ ಎಚ್ಚರವಾಗಿರಬಹುದು. ಲೆಕ್ಕವನ್ನು ಹೊಸದಾಗಿ ಬರೆಯಲು ಆಷಾಢವೇ ಪ್ರಶಸ್ತ. ಕೌಟಿಲ್ಯನ ಲೆಕ್ಕದ ವರ್ಷವೂ ಆಷಾಢದ ಹುಣ್ಣಿಮೆಗೆ ಮುಗಿಯುತ್ತಿತ್ತು. ನಮ್ಮಲ್ಲಿಯೂ ಆ ಮಾಸದಲ್ಲಿ ಲಗ್ನಗಳಿಲ್ಲದೆ ಕೈಗೆ ಬಿಡುವಿರುತ್ತದೆ.

ಈ ಸೋದರಿಯ ಮನೆಗೆ ನಾನು ಹಾಕಿಕೊಟ್ಟ ತಖ್ತೆ ಹೀಗಿದೆ. ಸಂಕ್ರಾಂತಿ, ಯುಗಾದಿ, ಗೌರಿ-ಗಣೇಶ, ದೀಪಾವಳಿಗಳಿಗೆ ಬಟ್ಟೆಬರೆ ಸಹಿತ ೯,೦೦೦. ಮಕ್ಕಳ ಪುಸ್ತಕ, ಸಮವಸ್ತ್ರಗಳಿಗೆ ೪,೦೦೦. ಮುಯ್ಯಿ, ಪ್ರಯಾಣ, ಗೈರುಹಾಜರಿಗಳಿಗೆ ೩,೫೦೦. ನಾದಿನಿಯರಿಬ್ಬರ ಗೌರಿ ಬಾಗಿನಕ್ಕೆ ೧,೫೦೦. ಒಟ್ಟು ೧೮,೦೦೦, ತಿಂಗಳಿಗೆ ೧,೫೦೦. ಯಜಮಾನರು ತಿಂಗಳಿಗೆ ದುಡಿಯುವ ಇಪ್ಪತ್ತಾರು ದಿನಗಳಲ್ಲಿ ಎರಡು ದಿನದ ಕೂಲಿಗಿಂತ ಸ್ವಲ್ಪ ಹೆಚ್ಚು. ಬಾಗಿನದಲ್ಲಿ ಇನ್ನೂ ಐನೂರು ಉಳಿಸಬಹುದೆಂದು ಅವರು ಸೂಚಿಸಿದ್ದರು, ನಾನು ಒಪ್ಪಲಿಲ್ಲ. ತವರಿನಿಂದ ಬರುವ ಮೊರಕ್ಕಾಗಿ ಬಾಗಿಲ ಕಡೆ ನೋಡುತ್ತ ಕುಳಿತಿರುವ ಹೆಣ್ಣುಮಗಳ ಲೆಕ್ಕದಲ್ಲಿ ಕೈ ಹಿಡಿಯುವುದು ನನಗೆ ಸೇರದು. ಬಟ್ಟೆಯನ್ನು ಮೂರು ಹಬ್ಬಕ್ಕೆ ಬದಲಾಗಿ ಒಂದು ಹಬ್ಬಕ್ಕೆ ಕೊಂಡರಾಯಿತು.

ಹಬ್ಬದ ಬೋನಸ್ಸನ್ನು ಈ ತಖ್ತೆಯಲ್ಲಿ ನಾನು ಸೇರಿಸಿಲ್ಲ. ೧೯೬೫ರ ಕಾಯಿದೆಯು ಮುಂದೆ ತಿದ್ದುಪಡಿಯಾಗಿ ಕನಿಷ್ಠ ಬೋನಸ್ಸನ್ನು ನೂರಕ್ಕೆ ೮.೩೩ ಎಂದು ಗೊತ್ತುಮಾಡಿತು, ೨೦೧೯ರ ವೇತನ ಸಂಹಿತೆಯೂ ಅದೇ ಪ್ರಮಾಣವನ್ನು ಉಳಿಸಿಕೊಂಡಿದೆ. ಎಂದರೆ ಎಣಿಕೆಗೆ ಹಿಡಿದ ಸಂಬಳದ ಹನ್ನೆರಡರಲ್ಲಿ ಒಂದು ಪಾಲು. ಗುತ್ತಿಗೆಯ ಕೆಲಸದಲ್ಲಿ ಅದು ಯಾವ ವರ್ಷ ಬರುವುದೋ ಹೇಳಲಾಗದು. ಬಂದರೆ ಹಳೆಯ ಸಾಲಕ್ಕೆ ಹೋಗಲಿ.

ತಿಂಗಳ ೧,೫೦೦ನ್ನು ಇಡುವುದೆಲ್ಲಿ? ಬೀದಿಯ ದೀಪಾವಳಿ ಚೀಟಿಯಲ್ಲಿ ಕಟ್ಟೋಣವೆಂದು ಅವರ ಯೋಚನೆ. ಚೀಟಿಯು ಕೆಟ್ಟದ್ದಲ್ಲ, ಆದರೆ ಅದು ೧೯೮೨ರ ಚೀಟಿ ಕಾಯಿದೆಯ ಪ್ರಕಾರ ರಿಜಿಸ್ಟರ್ ಆಗಿರಬೇಕು. ನಡೆಯಿಸುವವರ ಕಮಿಷನ್ನು ೨೦೧೯ರ ತಿದ್ದುಪಡಿಯ ಮೇಲೆ ನೂರಕ್ಕೆ ೭ನ್ನು ಮೀರಕೂಡದು. ಬೀದಿಯ ಚೀಟಿಗೆ ನಡೆಯಿಸುವವರ ಮುಖವೊಂದೇ ಆಧಾರ. ಅಂಚೆ ಕಚೇರಿಯ ಆವರ್ತಕ ಠೇವಣಿಯು ಭದ್ರವಾದುದು, ಆದರೆ ಐದು ವರ್ಷದ್ದು. ಈ ಕೆಲಸಕ್ಕೆ ಒದಗದು. ಬ್ಯಾಂಕಿನಲ್ಲಿ ಹನ್ನೆರಡು ತಿಂಗಳ ಆವರ್ತಕ ಠೇವಣಿಯುಂಟು. ಶಾಲೆಯದೂ ದೀಪಾವಳಿಯದೂ ಸೇರಿ ತಿಂಗಳಿಗೆ ೮೦೦ ಅಲ್ಲಿಗೆ ಹೋಗಲಿ, ವಾಯಿದೆಯು ಅಕ್ಟೋಬರಿನಲ್ಲಿ ಒಂದು, ಮೇ ತಿಂಗಳಿನಲ್ಲಿ ಒಂದು ಮುಗಿಯುವಂತೆ ಎರಡಾಗಿ ಮಾಡಿಸಲಿ. ಉಳಿದ ೭೦೦ ಉಳಿತಾಯದ ಖಾತೆಯಲ್ಲಿರಲಿ, ಲಗ್ನಪತ್ರಿಕೆಗಳು ಯಾವ ತಿಂಗಳಿನಲ್ಲಾದರೂ ಬರಬಹುದು. ಮುಯ್ಯಿ ಪುಸ್ತಕದಲ್ಲಿ ಹೆಸರು, ಮೊತ್ತಗಳ ಪಕ್ಕದಲ್ಲಿ ಮೂರನೆಯ ಗೆರೆಯೊಂದನ್ನು ಎಳೆದು, ಕೊಟ್ಟದ್ದು ಎಷ್ಟು ದಿನದ ದುಡಿಮೆಯೆಂಬುದನ್ನೂ ಬರೆದಿಡಬೇಕೆಂದು ಅವರಿಗೆ ತಿಳಿಸಿದ್ದೇನೆ. ಇಪ್ಪತ್ತು ವರ್ಷದ ಮೇಲೆ ಆ ಪುಸ್ತಕವನ್ನು ಬಿಚ್ಚುವ ಸೊಸೆಗೆ ನೆನಪಿನಿಂದ ಹೇಳಲು ಅತ್ತೆಯವರು ಇರುತ್ತಾರೋ ಇಲ್ಲವೋ.